ದಿಲ್ಲಿಯ ದಫ್ತರ ನಮ್ಮೂರ ಟೇಬಲ್ಲಿಗೆ: ಪತ್ರಾಗಾರದ ಉಪನ್ಯಾಸ, ಕಲಿಕಾ ಕೂಟ ನಡೆಸುವ ಸಮಗ್ರ ಮಾರ್ಗದರ್ಶಿ

ಸರ್ಕಾರದ ಹಳೆ ಕಡತಗಳನ್ನು ಕಾಪಾಡುವ ರಾಷ್ಟ್ರೀಯ ಪತ್ರಾಗಾರ ಅಂದರೆ ಪಿಎಚ್‌ಡಿ ಮಾಡುವವರ ಜಾಗ, ನಮಗೇನು ಕೆಲಸ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಆ ಕಾಲ ಹೋಯಿತು. ಲಂಡನ್ನಿನ ಕ್ಯೂನಲ್ಲಿರುವ ಬ್ರಿಟನ್ನಿನ ಪತ್ರಾಗಾರ ಸಾರ್ವಜನಿಕರಿಗೆ ಆನ್‌ಲೈನ್ ಉಪನ್ಯಾಸ ಇಡುತ್ತದೆ, ಶಾಲೆ ಮಕ್ಕಳಿಗೆ ಹಳೆ ಕಾಗದ ಓದಿಸುತ್ತದೆ. ಅಮೆರಿಕದ ಪತ್ರಾಗಾರ ಶಿಕ್ಷಕರಿಗೆಂದೇ ದಾಖಲೆಗಳ ಬೇರೆ ಜಾಲತಾಣ ಮಾಡಿದೆ. ನಮ್ಮ ದಿಲ್ಲಿಯ ಪತ್ರಾಗಾರವೂ ಪ್ರದರ್ಶನ ನಡೆಸುತ್ತದೆ. ಅದರದೇ ಒಂದು ಶಾಲೆ ಇದೆ, ಕಾಗದ ಕಾಪಾಡುವ ಕೆಲಸಕ್ಕೆ ಅಲ್ಲಿ ಡಿಪ್ಲೊಮಾ ಮತ್ತು ಸಣ್ಣ ಕೋರ್ಸುಗಳಿವೆ.

ಹುಬ್ಬಳ್ಳಿ-ಧಾರವಾಡದಲ್ಲಿ ಕೂತವರಿಗೆ ದಿಲ್ಲಿ ದೂರ, ನಿಜ. ಆದರೆ ಇಂಥ ಕೂಟವನ್ನು ಇಲ್ಲೇ, ಒಂದು ಸಾದಾ ಹಾಲಿನಲ್ಲಿ ನಡೆಸಬಹುದು. ಕಾಲೇಜಿನ ಇತಿಹಾಸ ವಿಭಾಗ, ಗ್ರಂಥಾಲಯ, ಓಣಿಯ ಯುವಕ ಸಂಘ, ಯಾರು ಬೇಕಾದರೂ ಮಾಡಬಹುದು. ಒಂದು ಷರತ್ತು ಮಾತ್ರ ಗಟ್ಟಿಯಾಗಿ ಇಟ್ಟುಕೊಳ್ಳಿ: ಒಂದು ಕೂಟಕ್ಕೆ ಒಂದೇ ದಾಖಲೆ. "ಧಾರವಾಡ ಜಿಲ್ಲೆಯ ಸಮಗ್ರ ಇತಿಹಾಸ" ಅಂತ ಬ್ಯಾನರ್ ಹಾಕಿದಿರೋ, ಜನ ನಿದ್ದೆ ಮಾಡುತ್ತಾರೆ. ಒಂದು ಕಾಗದ ಟೇಬಲ್ ಮೇಲಿಟ್ಟು "ಇದರಲ್ಲಿ ಏನು ಕಾಣಸ್ತದ?" ಅಂತ ಕೇಳಿ ನೋಡಿ. ಹಿಂದಿನ ಸಾಲಿನವರೂ ಎದ್ದು ಮುಂದೆ ಬರುತ್ತಾರೆ.

ಮೊದಲು: ನಮ್ಮ ಕಾಗದ ಎಲ್ಲೆಲ್ಲಿ ಚದುರಿದೆ

ಈ ಭಾಗದ ಕಥೆ ಬೇರೆ. ಈಗಿನ ಗದಗ, ಹಾವೇರಿ 1997ರಲ್ಲಿ ಧಾರವಾಡದಿಂದ ಬೇರೆಯಾದ ಜಿಲ್ಲೆಗಳು. ಅದಕ್ಕೂ ಹಿಂದೆ, 1956ರವರೆಗೆ ಇಡೀ ಜಿಲ್ಲೆ ಮುಂಬಯಿಗೆ ಸೇರಿತ್ತು. ಹೀಗಾಗಿ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರಕ್ಕೆ ಹೋಗಿ 1850ರ ಧಾರವಾಡದ ಕಡತ ಕೇಳಿದರೆ ಅಲ್ಲಿ ಮೈಸೂರು ಸಂಸ್ಥಾನದ ಕಾಗದವೇ ಜಾಸ್ತಿ ಸಿಗುತ್ತದೆ. ನಮ್ಮ ಕಲೆಕ್ಟರನ ಪತ್ರ ವ್ಯವಹಾರ ಹುಡುಕಬೇಕಾದ್ದು ಮುಂಬಯಿಯ ಮಹಾರಾಷ್ಟ್ರ ಪತ್ರಾಗಾರದಲ್ಲಿ. ಅದಕ್ಕೂ ಹಿಂದಿನ ಪೇಶ್ವೆ ಕಾಲದ ಲೆಕ್ಕಪತ್ರ ಪುಣೆಯ ಪೇಶ್ವೆ ದಫ್ತರದಲ್ಲಿ, ಬಟ್ಟೆಯ ರುಮಾಲುಗಳಲ್ಲಿ ಕಟ್ಟಿಟ್ಟಿದೆ.

ಇಷ್ಟಕ್ಕೇ ಮುಗಿಯಲಿಲ್ಲ. ಕುಂದಗೋಳ ಜಮಖಂಡಿ ಸಂಸ್ಥಾನದ್ದು. ಶಿರಹಟ್ಟಿ ಸಾಂಗಲಿಯದು, ಲಕ್ಷ್ಮೇಶ್ವರ ಮಿರಜದ್ದು. ಸವಣೂರಿಗೆ ಅದರದೇ ನವಾಬರು. ನಿಮ್ಮ ಊರು ಇವುಗಳಲ್ಲಿ ಒಂದಾಗಿದ್ದರೆ ಊರ ಹೆಸರಿನ ಜೊತೆ ಸಂಸ್ಥಾನದ ಹೆಸರಿನಿಂದಲೂ ಹುಡುಕಿ. ಬಾಸೆಲ್ ಮಿಷನ್ನಿನವರು 1837ರಲ್ಲೇ ಧಾರವಾಡಕ್ಕೆ ಬಂದರು, ಆಮೇಲೆ ಹುಬ್ಬಳ್ಳಿ, ಬೆಟಗೇರಿಗೆ ಹೋದರು. ಅವರ ಪತ್ರ, ಫೋಟೊ, ನಕ್ಷೆಗಳು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿವೆ. ಫೋಟೊಗಳಲ್ಲಿ ದೊಡ್ಡ ಪಾಲು ಆನ್‌ಲೈನ್‌ನಲ್ಲಿ ಪುಕ್ಕಟೆ ನೋಡಲು ಸಿಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಗೆ ಹೋದ ಪ್ರತಿಗಳು ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿ ಕೂತಿವೆ.

ಇನ್ನು ದಿಲ್ಲಿ. ಅಲ್ಲಿನ ರಾಷ್ಟ್ರೀಯ ಪತ್ರಾಗಾರ 1891ರ ಮಾರ್ಚ್ 11ರಂದು ಕಲ್ಕತ್ತೆಯಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಅಂತ ಶುರುವಾಯಿತು. ಈಗಿನ ಜನಪಥದ ಕಟ್ಟಡ ಲುಟಿಯೆನ್ಸ್ ವಿನ್ಯಾಸ ಮಾಡಿದ್ದು, 1926ರದು. ಕೇಂದ್ರ ಸರ್ಕಾರದ ಹಳೆ ಕಡತಗಳೆಲ್ಲ ಇಲ್ಲಿ. ನಮ್ಮ ಕೂಟಕ್ಕೆ ಸುಲಭವಾಗಿ ಸಿಗುವುದೂ ಇದೇ. ಯಾಕೆಂದರೆ ಅದರ ಅಭಿಲೇಖ ಪಟಲ್ ಎಂಬ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಮನೆಯಿಂದಲೇ ಕಡತ ಹುಡುಕಬಹುದು, ಸ್ಕ್ಯಾನ್ ಆಗಿರುವುದನ್ನು ಅಲ್ಲೇ ಓದಬಹುದು.

ಎರಡನೇ ಹೆಜ್ಜೆ: ಹುಡುಕಾಟ

ಬಹಳ ಜನ ಇಲ್ಲೇ ಸೋಲುತ್ತಾರೆ. ಹುಡುಕುವ ಪೆಟ್ಟಿಗೆಯಲ್ಲಿ ಈಗಿನ ಹೆಸರು ಹೊಡೆಯುತ್ತಾರೆ, ಏನೂ ಬರುವುದಿಲ್ಲ, ಮುಚ್ಚಿ ಹೋಗುತ್ತಾರೆ. ಬ್ರಿಟಿಷ್ ಗುಮಾಸ್ತರಿಗೆ ಧಾರವಾಡ ಅಂದರೆ "ಧಾರ್ವಾರ್". ಇಂಗ್ಲಿಷಿನಲ್ಲಿ ಹೊಡೆಯುವಾಗ ಕೊನೆಗೆ ಡಿ ಬದಲು ಆರ್ ಹಾಕಿ. ಹುಬ್ಬಳ್ಳಿಗೆ "ಹುಬ್ಲಿ". ರಾಣೆಬೆನ್ನೂರು, ನರಗುಂದದಂಥ ಹೆಸರಿಗೆ ನಾಕೈದು ಥರದ ಸ್ಪೆಲಿಂಗ್ ಮಾಡಿ ನೋಡಿ. "ಸದರ್ನ್ ಮರಾಠಾ" ಎಂಬುದನ್ನೂ ಮರೆಯಬೇಡಿ. ನಮ್ಮ ಸೀಮೆಯನ್ನು ಅವರು ಕರೆಯುತ್ತಿದ್ದುದೇ ಹಾಗೆ. ಹುಬ್ಬಳ್ಳಿಗೆ ಬಂದ ರೈಲ್ವೆ ಕಂಪನಿಯ ಹೆಸರೂ ಸದರ್ನ್ ಮರಾಠಾ ರೈಲ್ವೆಯೇ.

ಇನ್ನೊಂದು ಗುಟ್ಟು: ಯಾವ ಇಲಾಖೆ ಅಂತ ಊಹಿಸಿ. ನರಗುಂದ ಸಂಸ್ಥಾನದ ದೊರೆ ಬಾಬಾಸಾಹೇಬರು 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದಾಗ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಕೊಲೆಯಾದ. ಇದರ ಕಾಗದ ಯಾವ ಇಲಾಖೆಯಲ್ಲಿ ಇರಬಹುದು? ಪೊಲೀಸ್, ಸೈನ್ಯ ಅಂತ ಯೋಚಿಸುತ್ತೇವೆ, ಅಲ್ವಾ? ಮೊದಲು ನೋಡಬೇಕಾದ್ದು ಫಾರಿನ್ ಡಿಪಾರ್ಟ್‌ಮೆಂಟ್. ದೇಶೀ ಸಂಸ್ಥಾನಗಳ ಜೊತೆಗಿನ ವ್ಯವಹಾರವನ್ನೆಲ್ಲ ಬ್ರಿಟಿಷರು ಪರದೇಶದ ವ್ಯವಹಾರ ಅಂತಲೇ ಇಡುತ್ತಿದ್ದರು. ಸ್ವಾತಂತ್ರ್ಯ ಚಳವಳಿಯ ಕಾಲಕ್ಕೆ ಬಂದರೆ ಗೃಹ ಇಲಾಖೆಯ ರಾಜಕೀಯ ಶಾಖೆ ನೋಡಿ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು, 1943ರಲ್ಲಿ ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದವರು. ಹಾವೇರಿಯಲ್ಲಿ ಕೂಟ ಇಟ್ಟರೆ ದಂಡಿಯಾತ್ರೆಯ ಅಥವಾ 1942-43ರ ಒಂದು ಸರ್ಕಾರಿ ವರದಿ ಹಿಡಿದುಕೊಂಡು ಹೋಗಿ. ಅದೇ ಘಟನೆಯನ್ನು ಊರವರು ಹೇಳುವುದಕ್ಕೂ ಸರ್ಕಾರ ಬರೆದುಕೊಂಡಿರುವುದಕ್ಕೂ ಎಷ್ಟು ಫರಕು ಅಂತ ಜನರೇ ಹಿಡಿಯುತ್ತಾರೆ.

ಧಾರವಾಡಕ್ಕೆ ಕಿತ್ತೂರಿನ 1824 ಇದ್ದೇ ಇದೆ. ಅಲ್ಲಿ ಸತ್ತ ಕಲೆಕ್ಟರ್ ಥ್ಯಾಕರೆ ಧಾರವಾಡದಲ್ಲೇ ಕಚೇರಿ ಮಾಡುತ್ತಿದ್ದವನು, ಅವನ ಸ್ಮಾರಕ ಕಂಬ ಊರಲ್ಲೇ ನಿಂತಿದೆ. ಹುಬ್ಬಳ್ಳಿಯವರಿಗೆ 1953ರ ಏಕೀಕರಣ ಗಲಾಟೆ, ಅದರಗುಂಚಿ ಶಂಕರಗೌಡರ ಉಪವಾಸ, ರೈಲ್ವೆ ಇವೆ. ಗದಗಿನವರು ಕಣಗಿನಹಾಳಕ್ಕೆ ಹೋಗಬೇಕು. ಅದನ್ನು ಕೊನೆಗೆ ಹೇಳುತ್ತೇನೆ.

ದಾಖಲೆ ಸಿಕ್ಕ ಕೂಡಲೇ ಅದರ ಪೂರ್ತಿ ವಿಳಾಸ ಬರೆದುಕೊಳ್ಳಿ: ಪತ್ರಾಗಾರ, ಇಲಾಖೆ, ಶಾಖೆ, ಇಸವಿ, ಕಡತ ಸಂಖ್ಯೆ, ಪುಟ. ಕೂಟದ ದಿನ ಯಾರೋ ಒಬ್ಬರು "ಇದು ಎಲ್ಲಿಂದ ತಂದಿರಿ?" ಅಂತ ಕೇಳೇ ಕೇಳುತ್ತಾರೆ. ವಾಟ್ಸಾಪಿನಲ್ಲಿ ಬಂತು ಅಂದರೆ ನಿಮ್ಮ ಕೂಟದ ಮರ್ಯಾದೆ ಅಲ್ಲಿಗೆ ಮುಗಿಯಿತು.

ಮೂರನೇ ಹೆಜ್ಜೆ: ಕಾಗದವನ್ನು ನೀವು ಮೊದಲು ಓದಿ

ಮೊದಲ ಕೂಟಕ್ಕೆ ಇಂಗ್ಲಿಷ್ ಕಡತ ಬೇಡ ಅಂತ ನನ್ನ ಸಲಹೆ. ಮನೆಯ ಟ್ರಂಕಿನಲ್ಲಿ ಸಿಗುವಂಥ ಒಂದು ಹಳೆ ಭೋಗ್ಯ ಪತ್ರದಿಂದ, ಅಂದರೆ ಹೊಲ ಒತ್ತೆ ಇಟ್ಟು ಸಾಲ ತೆಗೆದ ಕಾಗದದಿಂದ, ಶುರು ಮಾಡಿ. ಕನ್ನಡದಲ್ಲಿರುತ್ತದೆ, ಒಂದೆರಡು ಪುಟ, ಎಲ್ಲರಿಗೂ ಪರಿಚಯದ ಲೋಕ. ಹೇಗೆ ಓದುವುದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ತಲೆಯ ಮೇಲಿನ ಸ್ಟಾಂಪಿನಿಂದ ಶುರು. ರಾಜನ ಮುಖ ನೋಡಿ. ಗಡ್ಡ ಇಲ್ಲದ ರಾಜ ಆರನೇ ಜಾರ್ಜ್, ಅಂದರೆ 1936ರ ಕೊನೆಯ ನಂತರದ್ದು. ಗಡ್ಡ ಇದ್ದರೆ ಎರಡು ಸಾಧ್ಯತೆ: 1910ರವರೆಗೆ ಏಳನೇ ಎಡ್ವರ್ಡ್, ಆಮೇಲೆ ಐದನೇ ಜಾರ್ಜ್. ತಾರೀಖು ಹರಿದುಹೋಗಿದ್ದರೂ ಮುಖ ನೋಡಿಯೇ ಕಾಲ ಅಂದಾಜು ಮಾಡಬಹುದು. ಮಕ್ಕಳಿಗೆ ಈ ಆಟ ಬಹಳ ಇಷ್ಟ. ಸ್ಟಾಂಪಿನ ಬೆಲೆ ಆಣೆಯಲ್ಲಿರುತ್ತದೆ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಅಂತ ಬೋರ್ಡಿನ ಮೇಲೆ ಬರೆದಿಡಿ. 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದ ಮೇಲೆ ಹುಟ್ಟಿದವರಿಗೆ ಈ ಲೆಕ್ಕ ತಲೆಗೆ ಹತ್ತುವುದಿಲ್ಲ.

ಆಮೇಲೆ ಬರೆಸಿಕೊಂಡವರು, ಬರೆದುಕೊಟ್ಟವರು. ಹೆಸರು, ತಂದೆಯ ಹೆಸರು, ಜಾತಿ, ವಯಸ್ಸು, ಊರು. ಉದ್ಯೋಗದ ಜಾಗದಲ್ಲಿ "ಒಕ್ಕಲುತನ" ಅಂತ ಇರುತ್ತದೆ. ಹೆಣ್ಣುಮಗಳು ಬರೆದುಕೊಟ್ಟಿದ್ದರೆ ಅವಳ ಉದ್ಯೋಗ ಏನಂತ ಹಾಕಿದ್ದಾರೆ? "ಮನೆಗೆಲಸ" ಅಂತಲೋ, ಅವಳೂ "ಒಕ್ಕಲುತನ" ಅಂತಲೋ? ಇದೊಂದೇ ಪ್ರಶ್ನೆಗೆ ಅರ್ಧ ತಾಸು ಚರ್ಚೆ ನಡೆಯುತ್ತದೆ.

ನಂತರ "ಬರೆದುಕೊಟ್ಟ ಪತ್ರ ಏನಂದರೆ" ಅಂತ ವಿಷಯ ಶುರು. ಸಾಲ ಯಾಕೆ ಬೇಕಾಯಿತು? ಸಂಸಾರದ ಅಡಚಣಿ, ಲಗ್ನದ ಖರ್ಚು, ಹಿಂದಿನ ಸಾಲದ ಬಡ್ಡಿ, ಎತ್ತಿನ ಖರೀದಿ. ಆಮೇಲೆ ಹೊಲದ ವಿವರ: ಸರ್ವೆ ನಂಬರು, ಎಕರೆ, ಗುಂಟೆ, ಆಕಾರ. ಆಕಾರ ಅಂದರೆ ಸರ್ಕಾರಕ್ಕೆ ಕಟ್ಟುವ ಕಂದಾಯ. ಚಕ್ಕುಬಂದಿ ಭಾಗವನ್ನು ಗಟ್ಟಿಯಾಗಿ ಓದಿಸಿ. ಮೂಡಲಕ್ಕೆ ಹಳ್ಳ, ಪಡುವಲಕ್ಕೆ ಇಂಥವರ ಹೊಲ, ಬಡಗಲಕ್ಕೆ ಬಂಡಿ ದಾರಿ. ಅದನ್ನು ಕೇಳಿ ಒಬ್ಬರು ನಕ್ಷೆ ಬಿಡಿಸಲಿ. ಇಂದು ಆ ಹಳ್ಳ ಎಲ್ಲಿದೆ, ಬಂಡಿ ದಾರಿ ಎಲ್ಲಿ ಹೋಯಿತು ಅಂತ ಮೊಬೈಲಿನ ಮ್ಯಾಪಿನಲ್ಲಿ ಇನ್ನೊಬ್ಬರು ಹುಡುಕಲಿ.

ಕೊನೆಯ ಪುಟವೇ ನನಗೆ ಎಲ್ಲಕ್ಕಿಂತ ಇಷ್ಟ. ಯಾರು ಸಹಿ ಮಾಡಿದರು, ಯಾರು ಎಡಗೈ ಹೆಬ್ಬೆಟ್ಟು ಒತ್ತಿದರು? ಸಾಕ್ಷಿಗಳ ಸಹಿ ಯಾವ ಲಿಪಿಯಲ್ಲಿದೆ? ಒಂದೇ ಪುಟದಲ್ಲಿ ಕನ್ನಡ, ಮೋಡಿ (ಮರಾಠಿ ದಫ್ತರಗಳ ಹಳೆ ಲಿಪಿ), ಇಂಗ್ಲಿಷ್ ಮೂರೂ ಕಾಣುವುದು ನಮ್ಮ ಕಡೆ ಅಪರೂಪವಲ್ಲ. ಬಿಕಲಮ್ ಅಂತ ಕೆಳಗೆ ಬರೆದವನೇ ಪತ್ರ ಬರೆದ ಕೈ. ಹಿಂದುಗಡೆ ಸಬ್ ರಜಿಸ್ಟ್ರಾರನ ಮುದ್ರೆ, ನೋಂದಣಿ ನಂಬರು ಇದ್ದರೆ ಅದನ್ನೂ ಓದಿ.

ಹಳೆಯ ಕಾಗದದಲ್ಲಿ ಇಸವಿಯೇ ಇರುವುದಿಲ್ಲ, ಶಾಲಿವಾಹನ ಶಕೆ ಅಥವಾ ಕಂದಾಯ ಲೆಕ್ಕದ ಫಸಲಿ ವರ್ಷ ಇರುತ್ತದೆ. ಶಕೆಗೆ 78 ಕೂಡಿಸಿ, ಫಸಲಿಗೆ 590. ವರ್ಷದ ಯಾವ ತಿಂಗಳು ಅನ್ನುವುದರ ಮೇಲೆ ಒಂದು ಹೆಚ್ಚಾಗಬಹುದು. ಫಸಲಿ 1300 ಅಂದರೆ 1890-91. ಶಾಯಿ ಕಂದು ಬಣ್ಣಕ್ಕೆ ತಿರುಗಿ ಕಾಗದ ಅಕ್ಷರದ ಗುಂಟ ಸೀಳಿದ್ದರೆ ಅದು ಕಬ್ಬಿಣದ ಅಂಶ ಇರುವ ಶಾಯಿ. ಕಾಗದವನ್ನು ಅದೇ ತಿಂದಿದೆ.

ಮೋಡಿ ಬಂದರೆ ಗಾಬರಿ ಬೇಡ. ಮೊದಲು ಮೇಲಿನ ಗೆರೆ ಎಳೆದುಕೊಂಡು, ಕೈ ಎತ್ತದೆ ಬರೆಯುತ್ತ ಹೋಗುವ ಲಿಪಿ ಅದು. ಪದಕ್ಕೂ ಪದಕ್ಕೂ ನಡುವೆ ಜಾಗ ಬಿಟ್ಟಿರುವುದಿಲ್ಲ. ಕುಲಕರ್ಣಿಕೆ ಮಾಡಿದ ಮನೆತನಗಳಲ್ಲಿ ಓದಬಲ್ಲ ಹಿರಿಯರು ಇನ್ನೂ ಸಿಗುತ್ತಾರೆ. ಅವರನ್ನು ಹುಡುಕಿ ಕರೆಯಿರಿ. ಎರಡು ಸಾಲು ಓದಿ ತೋರಿಸಿದರೂ ಸಾಕು, ಹುಡುಗರು ಬೆರಗಾಗಿ ನೋಡುತ್ತಾರೆ.

ನಾಲ್ಕನೇ ಹೆಜ್ಜೆ: ಉಪನ್ಯಾಸಕರು ಮತ್ತು ವೇದಿಕೆ

ನಮ್ಮ ಕಡೆ ಕಾರ್ಯಕ್ರಮ ಅಂದರೆ ವೇದಿಕೆಯ ಮೇಲೆ ಎಂಟು ಕುರ್ಚಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಶಾಲು, ಹಾರ, ಅಧ್ಯಕ್ಷರ ಮಾತು. ಮುಖ್ಯ ಉಪನ್ಯಾಸ ಶುರುವಾಗುವ ಹೊತ್ತಿಗೆ ಅರ್ಧ ಜನ ಚಹಾದ ಕಡೆ ನೋಡುತ್ತಿರುತ್ತಾರೆ. ಇದೆಲ್ಲ ತಪ್ಪು ಅಂತಲ್ಲ. ಆದರೆ ಪತ್ರಾಗಾರದ ಕೂಟಕ್ಕೆ ಅದು ಒಗ್ಗುವುದಿಲ್ಲ. ಐದು ನಿಮಿಷದಲ್ಲಿ ಸ್ವಾಗತ ಮುಗಿಸಿ. ಸನ್ಮಾನ ಮಾಡಲೇಬೇಕಿದ್ದರೆ ಕೊನೆಗೆ ಇಡಿ. ವೇದಿಕೆ ಬಿಟ್ಟು ನೆಲದ ಮೇಲೆ, ಟೇಬಲ್ಲುಗಳ ನಡುವೆ ನಿಂತು ಮಾತಾಡಿ ಅಂತ ಉಪನ್ಯಾಸಕರಿಗೆ ಮೊದಲೇ ಹೇಳಿ.

ಧಾರವಾಡದಲ್ಲಿ ಉಪನ್ಯಾಸಕರಿಗೆ ಬರವಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ವಿಭಾಗ ಇದೆ, 1939ರಲ್ಲಿ ಶುರುವಾದ ಕನ್ನಡ ಸಂಶೋಧನಾ ಸಂಸ್ಥೆ ಇದೆ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘಕ್ಕಂತೂ ಬರುವವರೇ ವಿದ್ವಾಂಸರು. ಯಾರನ್ನೇ ಕರೆದರೂ ಅವರಿಗೆ ವಿಷಯ ಕೊಡಬೇಡಿ, ದಾಖಲೆ ಕೊಡಿ. "ನೀವು ಕಿತ್ತೂರಿನ ಬಗ್ಗೆ ಮಾತಾಡಿ" ಅಂದರೆ ಚೆನ್ನಮ್ಮನ ಹುಟ್ಟಿನಿಂದ ಶುರುವಾಗುತ್ತದೆ. "ಈ ಪತ್ರ ಯಾರು, ಯಾರಿಗೆ, ಯಾಕೆ ಬರೆದರು ಅಂತ ಇಪ್ಪತ್ತೈದು ನಿಮಿಷದಲ್ಲಿ ಹೇಳಿ" ಅಂತ ಬರವಣಿಗೆಯಲ್ಲೇ ಕೊಡಿ. ದಾಖಲೆಯ ಪ್ರತಿ ಎರಡು ವಾರ ಮೊದಲೇ ಅವರ ಕೈಗೆ ಹೋಗಲಿ.

ಇನ್ನೊಂದು ಮಾತು. ಪ್ರಾಧ್ಯಾಪಕರೇ ಆಗಬೇಕಿಲ್ಲ. ನಿವೃತ್ತ ಸಬ್ ರಜಿಸ್ಟ್ರಾರು, ತಲಾಠಿ, ರೈಲ್ವೆ ಗುಮಾಸ್ತರು, ಹಳೆ ಪತ್ರಬರಹಗಾರರು ಕಡತದ ಒಳಗುಟ್ಟು ಬಲ್ಲವರು. ಯಾವ ಮುದ್ರೆ ಯಾಕೆ, ಕೆಂಪು ಶಾಯಿಯಲ್ಲಿ ಯಾರು ಬರೆಯುತ್ತಿದ್ದರು, ಕಡತ ಎಷ್ಟು ಟೇಬಲ್ಲು ದಾಟುತ್ತಿತ್ತು ಅಂತ ಅವರು ಹೇಳಿದಂತೆ ಬೇರೆಯವರು ಹೇಳಲಾರರು.

ಐದನೇ ಹೆಜ್ಜೆ: ಕಲಿಕಾ ಕೂಟ

ಉಪನ್ಯಾಸಕ್ಕಿಂತ ಇದಕ್ಕೆ ಜಾಸ್ತಿ ಹೊತ್ತು ಕೊಡಿ. ಮೂರು ತಾಸಿನ ಕೂಟ ಅಂದರೆ ಒಂದೂವರೆ ತಾಸು ಇದಕ್ಕೇ ಇರಲಿ.

ಮೂವತ್ತರಿಂದ ನಲವತ್ತು ಜನ ಸಾಕು. ಒಂದು ಟೇಬಲ್ಲಿಗೆ ಐದಾರು ಮಂದಿ, ಬೇರೆ ಬೇರೆ ವಯಸ್ಸಿನವರು. ಹುಡುಗರೆಲ್ಲ ಒಂದು ಕಡೆ, ಹಿರಿಯರೆಲ್ಲ ಒಂದು ಕಡೆ ಕೂತರೆ ಸ್ವಾರಸ್ಯ ಹೋಗುತ್ತದೆ. ಹಿರಿಯರಿಗೆ ಬರಹ ಗೊತ್ತು, ಹುಡುಗರ ಕಣ್ಣು ಚುರುಕು, ಇಬ್ಬರೂ ಬೇಕು. ಪ್ರತಿ ಟೇಬಲ್ಲಿಗೆ ದಾಖಲೆಯ ಬಣ್ಣದ ಪ್ರತಿ ಎ3 ಅಳತೆಯಲ್ಲಿ, ಒಂದು ಭೂತಗನ್ನಡಿ, ಪೆನ್ಸಿಲ್ಲು, ಖಾಲಿ ಹಾಳೆ. ಪ್ರೊಜೆಕ್ಟರ್ ಮೇಲೆ ಪೂರ್ತಿ ಭರವಸೆ ಇಡಬೇಡಿ. ಹಾಲಿನ ಕಿಟಕಿಗೆ ಪರದೆ ಇರುವುದಿಲ್ಲ, ಅಕ್ಷರ ಕಾಣುವುದಿಲ್ಲ, ಕರೆಂಟಿನ ಕಥೆ ಬೇರೆ.

ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಶಾಲೆಗಳಿಗೆಂದು ಒಂದು ಹಾಳೆ ಮಾಡಿದೆ. ನಾಲ್ಕೇ ಹಂತ: ದಾಖಲೆಯ ಪರಿಚಯ ಮಾಡಿಕೊಳ್ಳಿ, ಅದರ ಭಾಗಗಳನ್ನು ಗಮನಿಸಿ, ಅರ್ಥ ಮಾಡಿಕೊಳ್ಳಲು ನೋಡಿ, ಇತಿಹಾಸಕ್ಕೆ ಪುರಾವೆಯಾಗಿ ಬಳಸಿ. ಅದನ್ನೇ ಕನ್ನಡದಲ್ಲಿ ಹೀಗೆ ಮಾಡಿಕೊಳ್ಳಬಹುದು.

ಮೊದಲ ಹತ್ತು ನಿಮಿಷ ಓದುವುದೇ ಬೇಡ, ಬರೇ ನೋಡಲಿ. ಕೈಬರಹವೋ ಟೈಪೋ? ಮಡಿಕೆ ಎಷ್ಟು? ಎಷ್ಟು ಜನರ ಕೈ ಇದೆ? ಅಂಚಿನಲ್ಲಿ ಏನು ಗೀಚಿದ್ದಾರೆ? ಆಮೇಲೆ ಓದಲಿ, ತಿಳಿಯದ ಪದಕ್ಕೆ ಸುತ್ತು ಹಾಕಲಿ. ಆ ಸುತ್ತು ಹಾಕಿದ ಪದಗಳೆಲ್ಲ ಒಂದು ಬೋರ್ಡಿಗೆ ಬರಲಿ. ಸನದು, ಇನಾಮು, ವತನ, ಜಪ್ತಿ, ಲಾವಣಿ, ವರ್ದಿ. ಹಿರಿಯರು ಬಿಡಿಸಿ ಹೇಳಲಿ. ಮೂರನೆಯದಾಗಿ, ಯಾರು ಯಾರಿಗೆ ಯಾಕೆ ಬರೆದರು? ಬರೆದವರಿಗೆ ಇದರಿಂದ ಏನು ಲಾಭ? ನಾಲ್ಕನೆಯ ಪ್ರಶ್ನೆಯೇ ಗಟ್ಟಿ: ಈ ಕಾಗದ ಏನನ್ನು ಹೇಳುತ್ತಿಲ್ಲ? ಭೋಗ್ಯ ಪತ್ರದಲ್ಲಿ ಹೊಲದಲ್ಲಿ ದುಡಿದ ಆಳುಗಳ ಹೆಸರು ಎಲ್ಲಿದೆ? ಕಲೆಕ್ಟರನ ವರದಿಯಲ್ಲಿ ಊರವರ ಮಾತು ಎಲ್ಲಿದೆ?

ಪ್ರತಿ ಟೇಬಲ್ಲಿನಿಂದ ಒಬ್ಬರು ಎದ್ದು ಮೂರು ನಿಮಿಷ ಹೇಳಲಿ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ಥರ ಓದಿದರೆ ನೀವು ನಡುವೆ ಬಾಯಿ ಹಾಕಿ ತೀರ್ಪು ಕೊಡಬೇಡಿ. ಕಾಗದ ನೋಡಿ ಅವರೇ ಬಗೆಹರಿಸಲಿ. ಬಗೆಹರಿಯದಿದ್ದರೆ ಹಾಗೇ ಬಿಡಿ.

ಸಣ್ಣ ಮಕ್ಕಳು ಬಂದಿದ್ದರೆ ಅವರಿಗೆ ಬೇರೆ ಮೂಲೆ. ಆಲೂಗಡ್ಡೆ ಕೊರೆದು ಮುದ್ರೆ ಮಾಡುವುದು, ಬೊರು ಲೇಖನಿಯನ್ನು ಶಾಯಿಯಲ್ಲಿ ಅದ್ದಿ ಬರೆಯುವುದು. ಸುಮ್ನೆ ಬಣ್ಣ ತುಂಬುವ ಹಾಳೆ ಕೊಟ್ಟು ಕೂರಿಸಿದರೆ ಹತ್ತು ನಿಮಿಷಕ್ಕೆ ಗದ್ದಲ ಶುರು.

ಅಸಲಿ ಕಾಗದ ಟೇಬಲ್ಲಿಗೆ ಬಂದರೆ

"ನಿಮ್ಮ ಮನೆಯ ಹಳೆ ಕಾಗದ ತನ್ನಿ" ಅಂತ ಪ್ರಕಟಣೆ ಕೊಟ್ಟರೆ ಜನ ತರುತ್ತಾರೆ. ಅದಕ್ಕೆ ತಯಾರಿ ಇರಲಿ. ಕೈ ತೊಳೆದು ಪೂರ್ತಿ ಒರೆಸಿಕೊಂಡು ಮುಟ್ಟಬೇಕು. ಬಿಳಿ ಹತ್ತಿ ಗವಸು ಸಿನಿಮಾದಲ್ಲಿ ಚಂದ. ಕಾಗದಕ್ಕೆ ಅದು ಒಳ್ಳೆಯದಲ್ಲ. ಬೆರಳಿಗೆ ಅಂಚು ತಿಳಿಯದೆ ಹರಿದುಬಿಡುತ್ತದೆ. ಫೋಟೊ, ನೆಗೆಟಿವ್‌ಗಳಿಗೆ ಮಾತ್ರ ನೈಟ್ರೈಲ್ ಗವಸು ಬೇಕು. ಪೆನ್ನು ಟೇಬಲ್ಲಿನ ಹತ್ತಿರ ಬೇಡ, ಪೆನ್ಸಿಲ್ ಮಾತ್ರ. ಕಿಟಕಿ ಬಿಸಿಲು ಬೀಳಬಾರದು, ಫ್ಲ್ಯಾಶ್ ಬೇಡ. ದೊಡ್ಡ ಮ್ಯೂಸಿಯಮ್ಮುಗಳು ಕಾಗದದ ಮೇಲೆ 50 ಲಕ್ಸ್ ಬೆಳಕಿಗಿಂತ ಜಾಸ್ತಿ ಬಿಡುವುದಿಲ್ಲ. ಅಂದರೆ ಮಬ್ಬು ಬೆಳಕೇ ಸೈ.

ಗಿರ್ಮಿಟ್ಟು, ಮಿರ್ಚಿ ಇಲ್ಲದೆ ನಮ್ಮಲ್ಲಿ ಯಾವ ಕೂಟವೂ ಆಗುವುದಿಲ್ಲ, ಒಪ್ಪಿದೆ. ಆದರೆ ಅದು ಹೊರಗಿನ ವರಾಂಡದಲ್ಲಿ, ಕಾಗದಗಳೆಲ್ಲ ಒಳಗೆ ಹೋದ ಮೇಲೆ. ಎಣ್ಣೆ ಬೆರಳಿನ ಗುರುತು ಕಾಗದದಿಂದ ಹೋಗುವುದೇ ಇಲ್ಲ.

ಹರಿದ ಪತ್ರಕ್ಕೆ ಸೆಲ್ಲೋ ಟೇಪ್ ಹಚ್ಚಿ ತರುತ್ತಾರೆ. ಕಿತ್ತು ತೆಗೆಯಲು ಹೋಗಬೇಡಿ, ಅಕ್ಷರವೂ ಕಿತ್ತು ಬರುತ್ತದೆ. ಇನ್ನು ಮುಂದೆ ಹಚ್ಚಬೇಡಿ ಅಂತ ಮಾತ್ರ ಹೇಳಿ. ಝೆರಾಕ್ಸ್ ಅಂಗಡಿಯ ಪ್ಲಾಸ್ಟಿಕ್ ಲ್ಯಾಮಿನೇಷನ್ನಂತೂ ಹಳೆ ಕಾಗದಕ್ಕೆ ಶತ್ರು. ಬಿಸಿಗೆ ಅಂಟಿದ್ದು ವಾಪಸ್ ಬಿಡಿಸಲು ಆಗುವುದಿಲ್ಲ. ಒಳ್ಳೆಯ ಫೋಟೊ ತೆಗೆದುಕೊಂಡು, ಅಸಲಿಯನ್ನು ಮಡಚದೆ ತೊಳೆದ ಹತ್ತಿ ಬಟ್ಟೆಯಲ್ಲಿ ಸುತ್ತಿ ಒಣ ಜಾಗದಲ್ಲಿ ಇಡಲು ಹೇಳಿ.

ಒಂದು ಎಚ್ಚರಿಕೆ. ಹಳೆ ಕಾಗದ ತನ್ನಿ ಅಂದರೆ ಬರುವವರಲ್ಲಿ ಕೆಲವರು ಹೊಲದ ಜಗಳದವರು. ಉತಾರ ತೋರಿಸಿ "ಇದು ಕೋರ್ಟಿನಲ್ಲಿ ನಿಲ್ಲತದೇನ್ರಿ?" ಅಂತ ಕೇಳುತ್ತಾರೆ. ನೀವು ವಕೀಲರೇ ಆಗಿದ್ದರೂ ಆ ದಿನ ಅದಕ್ಕೆ ಉತ್ತರ ಕೊಡಬೇಡಿ. ಬಾಗಿಲಲ್ಲೇ ಬೋರ್ಡು ಹಾಕಿ: ಇಲ್ಲಿ ಹಕ್ಕಿನ ಬಗ್ಗೆ ಸಲಹೆ ಕೊಡುವುದಿಲ್ಲ. ಹಾಗೆಯೇ ಬದುಕಿರುವವರ ಹೆಸರು, ಜಾತಿ, ಸಾಲದ ವಿವರ ಇರುವ ಕಾಗದವನ್ನು ಗೋಡೆಗೆ ಅಂಟಿಸಬೇಡಿ, ಫೋಟೊ ತೆಗೆದು ಗ್ರೂಪಿಗೆ ಹಾಕಲು ಬಿಡಬೇಡಿ. ಮನೆಯವರು ಬರೆದು ಒಪ್ಪಿಗೆ ಕೊಟ್ಟರೆ ಮಾತ್ರ ಪ್ರತಿ ಇಟ್ಟುಕೊಳ್ಳಿ.

ಪತ್ರಾಗಾರದಿಂದ ಪಡೆದ ಪ್ರತಿಯನ್ನು ಪುಸ್ತಕವಾಗಿ ಅಚ್ಚು ಹಾಕುವುದಿದ್ದರೆ ಅವರ ಅನುಮತಿ ಕೇಳಿ. ಸರ್ಕಾರಿ ಪ್ರಕಟಣೆಗೆ ನಮ್ಮ ಕಾಯಿದೆಯಲ್ಲಿ ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಹಾಗಾಗಿ 1884ರ ಧಾರವಾಡ ಗೆಝೆಟಿಯರ್ ಥರದ ಪುಸ್ತಕಕ್ಕೆ ಚಿಂತೆ ಇಲ್ಲ, ಧಾರಾಳವಾಗಿ ಪುಟ ತೆಗೆದು ಹಂಚಿ.

ಸಂಘ, ಶಾಲೆ, ಮಠಗಳ ಹಳೆ ರಜಿಸ್ಟರುಗಳನ್ನು ರದ್ದಿಗೆ ಹಾಕುವ ಸುದ್ದಿ ಕೂಟದಲ್ಲಿ ಬಂದೇ ಬರುತ್ತದೆ. ಕೇಂದ್ರ ಸರ್ಕಾರದ ಕಡತಗಳಿಗೆ 1993ರ ಸಾರ್ವಜನಿಕ ದಾಖಲೆಗಳ ಕಾಯಿದೆ ಇದೆ. 1892ಕ್ಕಿಂತ ಹಿಂದಿನ ದಾಖಲೆಯನ್ನು, ಉಪಯೋಗಕ್ಕೇ ಬಾರದಷ್ಟು ಹಾಳಾಗಿದ್ದ ಹೊರತು, ನಾಶ ಮಾಡುವಂತಿಲ್ಲ ಅಂತ ಅದು ಹೇಳುತ್ತದೆ. ಖಾಸಗಿ ಸಂಸ್ಥೆಗಳಿಗೆ ಈ ಬಂಧನ ಇಲ್ಲ. ಅವರಿಗೆ ಕೈ ಮುಗಿದು ಹೇಳಬೇಕಷ್ಟೆ.

ದೂರದ ಉಪನ್ಯಾಸ ಕೂಡಿ ನೋಡುವುದು

ಬ್ರಿಟನ್ನಿನ ಉಪನ್ಯಾಸ ಅಲ್ಲಿ ಮಧ್ಯಾಹ್ನ 2 ಗಂಟೆಗೆ ಇದ್ದರೆ ಬೇಸಿಗೆಯಲ್ಲಿ ನಮಗೆ ಸಂಜೆ 6.30, ಚಳಿಗಾಲದಲ್ಲಿ 7.30. ವಾಷಿಂಗ್ಟನ್ನಿನದು ಮಧ್ಯಾಹ್ನ 1 ಗಂಟೆ ಅಂದರೆ ನಮಗೆ ರಾತ್ರಿ 10.30 ಅಥವಾ 11.30. ಅದನ್ನು ರೆಕಾರ್ಡಿಂಗ್ ಹಾಕಿದ ಮೇಲೆ ನೋಡುವುದೇ ವಾಸಿ. ಹತ್ತು ಜನ ಒಂದು ಕೋಣೆಯಲ್ಲಿ ಕೂತು ನೋಡಿ, ನಡುನಡುವೆ ನಿಲ್ಲಿಸಿ, ಇಂಗ್ಲಿಷ್ ಗೊತ್ತಿರುವವರು ಕನ್ನಡದಲ್ಲಿ ಬಿಡಿಸಿ ಹೇಳಲಿ. ಅವರು ಏನು ಹೇಳಿದರು ಅನ್ನುವುದಕ್ಕಿಂತ ಒಂದು ದಾಖಲೆಯನ್ನು ಹೇಗೆ ತೋರಿಸಿದರು ಅಂತ ಗಮನಿಸಿ. ನಿಮ್ಮ ಕೂಟಕ್ಕೆ ಅದೇ ಪಾಠ.

ಹಾಲು ಬಿಟ್ಟು ಹೊರಗೆ

ಗದಗಿನಲ್ಲಿ ಕೂಟ ಮಾಡುವವರಿಗೆ ಎರಡು ನಡಿಗೆ ಕಾದಿವೆ. ಒಂದು ಲಕ್ಕುಂಡಿ. ಅತ್ತಿಮಬ್ಬೆಯ ಹೆಸರಿನ ಬಸದಿ, 1007ರ ಶಾಸನ. ಶಾಸನದ ಅಕ್ಷರ ಕಾಣಲಿಲ್ಲ ಅಂತ ಸೀಮೆಸುಣ್ಣ ತಿಕ್ಕುವುದು, ಎಣ್ಣೆ ಸವರುವುದು ಮಾಡಲೇಬೇಡಿ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲಿಗೆ ಹೋಗಿ, ಇಲ್ಲವೇ ಟಾರ್ಚನ್ನು ಬದಿಯಿಂದ ಹಿಡಿಯಿರಿ. ಅಕ್ಷರ ತಾನೇ ಎದ್ದು ಬರುತ್ತದೆ. ಸಂರಕ್ಷಿತ ಸ್ಮಾರಕದಲ್ಲಿ ಶಾಸನದ ಅಚ್ಚು ತೆಗೆಯಲು ಪುರಾತತ್ವ ಇಲಾಖೆಯ ಅನುಮತಿ ಬೇಕು.

ಇನ್ನೊಂದು ಕಣಗಿನಹಾಳ. 1904ರಲ್ಲಿ ಸಹಕಾರ ಕಾಯಿದೆ ಬಂತು, ಮರುವರ್ಷವೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಇಲ್ಲಿ ಸಂಘ ಕಟ್ಟಿದರು. ಏಷ್ಯಾದ ಮೊದಲ ಸಹಕಾರಿ ಸಂಘ ಅಂತ ಅದಕ್ಕೆ ಹೆಸರು. ಇಲ್ಲಿಗೆ ಹೋಗುವ ಮೊದಲು ಕಾಯಿದೆಯ ಪ್ರತಿ ಓದಿಸಿ. ಆಮೇಲೆ ನಿಮ್ಮ ಊರಿನ ಸೊಸೈಟಿಯ ಹಳೆ ಠರಾವು ಪುಸ್ತಕ ಸಿಕ್ಕರೆ ಪಕ್ಕಪಕ್ಕ ಇಡಿ. ಆಗಿನ ರಾಜಧಾನಿ ಕಲ್ಕತ್ತೆಯಲ್ಲಿ ಮಾಡಿದ ಕಾನೂನು ಹಳ್ಳಿಯ ಚಾವಡಿಯಲ್ಲಿ ಹೇಗೆ ನಡೆಯಿತು, ಯಾರಿಗೆ ಸಾಲ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಅಂತ ಎರಡೂ ಕಾಗದ ಕೂಡಿ ಹೇಳುತ್ತವೆ.

ಯಾವಾಗ ಇಡಬೇಕು

ಜೂನ್ 9 ಅಂತರರಾಷ್ಟ್ರೀಯ ಪತ್ರಾಗಾರ ದಿನ. 1948ರಲ್ಲಿ ಅದೇ ದಿನ ಪತ್ರಾಗಾರಗಳ ಅಂತರರಾಷ್ಟ್ರೀಯ ಮಂಡಳಿ ಹುಟ್ಟಿತು. ಹೆಸರಿಗೆ ಚೆನ್ನಾಗಿದೆ, ಆದರೆ ನಮ್ಮಲ್ಲಿ ಅದು ಮುಂಗಾರು ಬಿತ್ತನೆಯ ಹೊತ್ತು. ಹಳ್ಳಿಯವರು ಬರುವುದಿಲ್ಲ, ಶಾಲೆ ಆಗಷ್ಟೇ ಶುರುವಾಗಿರುತ್ತದೆ, ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಕಾಗದವೂ ತೇವ ಹಿಡಿಯುತ್ತದೆ. ಆ ದಿನ ಊರೊಳಗಿನ ಸಣ್ಣ ಉಪನ್ಯಾಸ ಇಟ್ಟುಕೊಂಡು, ಮನೆಯ ಕಾಗದ ತರಿಸುವ ದೊಡ್ಡ ಕೂಟವನ್ನು ದೀಪಾವಳಿ ಆದ ಮೇಲೆ, ಜನವರಿಯೊಳಗೆ ಮುಗಿಸಿ. ಫೆಬ್ರವರಿ ಬಂತೆಂದರೆ ಪರೀಕ್ಷೆ, ಒಬ್ಬ ಹುಡುಗನೂ ಸಿಗುವುದಿಲ್ಲ. ಹುಬ್ಬಳ್ಳಿಯವರೂ ಧಾರವಾಡದವರೂ ಬರಬೇಕಿದ್ದರೆ ಚಿಗರಿ ಬಸ್ಸಿನ ನಿಲ್ದಾಣಕ್ಕೆ ಹತ್ತಿರದ ಹಾಲು ನೋಡಿ.

ಕೂಟ ಮುಗಿದ ಮರುದಿನ

ಆ ದಿನ ನೋಡಿದ ಪ್ರತಿಯೊಂದು ಕಾಗದಕ್ಕೂ ಒಂದು ಚೀಟಿ ಮಾಡಿ: ಏನು, ಯಾವ ಕಾಲದ್ದು, ಯಾವ ಲಿಪಿ, ಎಷ್ಟು ಪುಟ, ಯಾರ ಹತ್ತಿರ ಇದೆ, ತೋರಿಸಲು ಒಪ್ಪಿಗೆ ಇದೆಯೋ ಇಲ್ಲವೋ. ಫೋಟೊಗಳ ಫೈಲಿಗೆ ಕ್ಯಾಮೆರಾ ಕೊಟ್ಟ ನಂಬರನ್ನೇ ಬಿಡಬೇಡಿ. ಊರು, ಇಸವಿ, ಕಾಗದದ ಬಗೆ ಸೇರಿಸಿ ಹೆಸರಿಡಿ. ಒಂದು ಪ್ರತಿ ಗ್ರಂಥಾಲಯಕ್ಕೆ, ಒಂದು ಮನೆಯವರಿಗೆ. ಮೋಡಿ ಓದಿದ ಹಿರಿಯರ ದನಿ ಮೊಬೈಲಿನಲ್ಲಿ ರೆಕಾರ್ಡ್ ಆಗಿದ್ದರೆ ಅದನ್ನು ಆ ಕಾಗದದ ಫೋಟೊ ಇರುವ ಫೋಲ್ಡರಿನಲ್ಲೇ ಇಡಿ. ಬೇರೆ ಬೇರೆ ಇಟ್ಟರೆ ಆರು ತಿಂಗಳಿಗೆ ಯಾವ ದನಿ ಯಾವ ಕಾಗದದ್ದು ಅಂತ ಯಾರಿಗೂ ತಿಳಿಯುವುದಿಲ್ಲ. ಮತ್ತೆ ಬೋರ್ಡಿನ ಮೇಲೆ ಸುತ್ತು ಹಾಕಿದ, ಯಾರಿಂದಲೂ ಅರ್ಥ ಹೇಳಲಾಗದ ಪದಗಳ ಪಟ್ಟಿ ಇರುತ್ತದಲ್ಲ, ಅದನ್ನು ಒರೆಸುವ ಮೊದಲು ಬರೆದುಕೊಳ್ಳಿ. ಮುಂದಿನ ಕೂಟದ ಆಮಂತ್ರಣದಲ್ಲಿ ಆ ಪದಗಳನ್ನೇ ಅಚ್ಚು ಹಾಕಿ ಕಳಿಸಿ.